ಮಂಚದಡಿಯ ರೈಲು ನಿಲ್ದಾಣ

“ಅಮ್ಮಿ, ನಮ್ಮ ಮನೇಲೂ ಒಂದು ರೈಲು ಮಾಡೋಣ್ವಾ?”

“ಜಾಗ ಎಲ್ಲಿದೆ ಬೇಟಾ?”

ನಿಮ್ಮ ಮನೆಯಲ್ಲೂ ಈ ಮಾತು ನಡೆದಿರಬಹುದು. 1997-98ರಲ್ಲಿ ಮಂಜೂರಾದ ಮುನಿರಾಬಾದ್-ಮಹಬೂಬ್‌ನಗರ ಮಾರ್ಗದಲ್ಲಿ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಊರಿಗೆ ರೈಲು ಬಂದ ಮೇಲೆ ಮಕ್ಕಳಿಗೆ ಮನೆಯಲ್ಲೂ ಒಂದು ಬೇಕೆನಿಸುವುದು ಸಹಜ. ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂನಂತೆ ಇಡೀ ಕೋಣೆ ತುಂಬಬೇಕಿಲ್ಲ. ಒಂದು ಹಲಗೆ ಸಾಕು.

ಎಷ್ಟು ಜಾಗ ಬೇಕು?

ಮಾದರಿ ರೈಲುಗಳಲ್ಲಿ ಎರಡು ಅಳತೆಗಳು ಹೆಚ್ಚು ಪ್ರಚಲಿತ. ‘ಎಚ್‌ಒ’ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿ.ಮೀ. ‘ಎನ್’ 160ರಲ್ಲಿ ಒಂದು ಪಾಲು. ಅಂತರ 9 ಮಿ.ಮೀ. ರೈಲು ಸುತ್ತು ಹೊಡೆಯಬೇಕೆಂದರೆ ‘ಎಚ್‌ಒ’ಗೆ ಕನಿಷ್ಠ 3 ಅಡಿ ಅಗಲ ಬೇಕು, ‘ಎನ್’ಗೆ 2 ಅಡಿ ಸಾಕು.

ಅಷ್ಟೂ ಜಾಗವಿಲ್ಲವೇ? ಸುತ್ತು ಬಿಟ್ಟುಬಿಡಿ. ಕೊನೆಯ ನಿಲ್ದಾಣವೊಂದನ್ನು ಮಾಡಿ. ರೈಲು ಬರಲಿ, ನಿಲ್ಲಲಿ, ಬಂದ ದಾರಿಯಲ್ಲೇ ಮರಳಲಿ. 2024ರಲ್ಲಿ ಸಿಂಧನೂರಿನಲ್ಲಿ ನಡೆದದ್ದೂ ಇದೇ ಅಲ್ಲವೇ? ‘ಎನ್’ ಅಳತೆಗೆ 4 ಅಡಿ ಉದ್ದ, 1 ಅಡಿ ಅಗಲದ ಪ್ಲೈವುಡ್ ಸಾಕು. ಪಕ್ಕದಲ್ಲಿ ಇನ್ನೊಂದು ಹಳಿ, ಎರಡು ತುದಿಗೂ ಒಂದೊಂದು ಪಾಯಿಂಟ್ ಹಾಕಿ. ಇಂಜಿನ್ ಬೋಗಿಗಳನ್ನು ಬಿಟ್ಟು, ಪಕ್ಕದ ಹಳಿಯಲ್ಲಿ ಸಾಗಿ, ಹಿಂದಿನ ತುದಿಗೆ ಬಂದು ಸೇರಿಕೊಳ್ಳುತ್ತದೆ. ಸುಮ್ಮನೆ ಸುತ್ತುವ ರೈಲಿಗಿಂತ ಇದರಲ್ಲಿ ಮಕ್ಕಳಿಗೆ ಕೆಲಸ ಹೆಚ್ಚು. ದಸ್ತರ್‌ಖಾನ್ ಹಾಸುವ ಹೊತ್ತಿಗೆ ಹಲಗೆಯನ್ನು ಮಂಚದಡಿ ಸರಿಸಿದರಾಯಿತು.

ವೈರಿಂಗ್ ಕಷ್ಟವೇ?

ಇಲ್ಲ. ಒಂದು ಹಳಿಗೆ ಕೆಂಪು ವೈರ್, ಇನ್ನೊಂದಕ್ಕೆ ಕಪ್ಪು. ಗಾಲಿಗಳ ಮೂಲಕ ವಿದ್ಯುತ್ ಇಂಜಿನ್‌ನೊಳಗಿನ ಮೋಟರ್ ತಲುಪುತ್ತದೆ. ಕಂಟ್ರೋಲರ್ ತಿರುಗಿಸಿದರೆ ವೇಗ ಬದಲಾಗುತ್ತದೆ; ಎರಡು ವೈರ್ ಅದಲುಬದಲಾದರೆ ರೈಲು ಹಿಂದಕ್ಕೆ ಹೋಗುತ್ತದೆ. ಹಲಗೆಯ ಕೆಳಗೆ ಎರಡು ದಪ್ಪ ವೈರ್‌ಗಳನ್ನು ಉದ್ದಕ್ಕೂ ಎಳೆದು, ಪ್ರತಿ ಹಳಿಯ ತುಂಡಿಗೂ ಅಲ್ಲಿಂದ ಸಣ್ಣ ವೈರ್ ಕೊಟ್ಟರೆ ರೈಲು ನಡುವೆ ಮಂಕಾಗುವುದಿಲ್ಲ. ನಿಲ್ದಾಣಕ್ಕೆ ಎಲ್‌ಇಡಿ ದೀಪ ಬೇಕೆಂದರೆ 12 ವೋಲ್ಟ್‌ಗೆ ಒಂದು ಕಿಲೋ ಓಮ್ ರೆಸಿಸ್ಟರ್ ಜೋಡಿಸಿ. ಇಲ್ಲದಿದ್ದರೆ ದೀಪ ಸುಟ್ಟುಹೋಗುತ್ತದೆ.

ಒಂದು ಎಚ್ಚರಿಕೆ. ಮಕ್ಕಳ ಕೈಗೆ 12 ವೋಲ್ಟ್ ಮಾತ್ರ ಸಿಗಬೇಕು. ಗೋಡೆಯ 230 ವೋಲ್ಟ್ ಜೀವಕ್ಕೆ ಅಪಾಯ. ಬಿಐಎಸ್ ನೋಂದಣಿ ಗುರುತಿನ ಸಿದ್ಧ ಅಡಾಪ್ಟರ್ ಕೊಳ್ಳಿ, ಅದನ್ನು ಬಿಚ್ಚಲು ಬಿಡಬೇಡಿ. ಬೆಸುಗೆಯ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ.

‘ಎನ್’ ಇಂಜಿನ್ ದುಬಾರಿ ಎನಿಸಿದರೆ ಸೆಲ್ ಹಾಕುವ ಆಟಿಕೆ ರೈಲಿನಿಂದಲೇ ಆರಂಭಿಸಿ. ಆಗ ಹಳಿಗೆ ವೈರ್ ಬೇಡ. ದೀಪಗಳಿಗೆ ಮಾತ್ರ ಸಾಕು. ಆದರೆ ಹಳಿ ದೊಡ್ಡದಾಗಿರುವುದರಿಂದ ಮೊದಲು ಅಳೆದು ನೋಡಿ.

ಊರು ಕಟ್ಟುವುದು

ಹಸಿರು ಬಣ್ಣ ಹಾಕಿದ ಮರದ ಪುಡಿಯಿಂದ ಭತ್ತದ ಗದ್ದೆ, ನೀಲಿ ಕಾಗದದಿಂದ ಕಾಲುವೆ, ಹಳೆ ಪತ್ರಿಕೆ ಮತ್ತು ಮೈದಾ ಅಂಟಿನಿಂದ ಮಸ್ಕಿಯ ಬೆಟ್ಟ. 1915ರಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಮಸ್ಕಿಯಲ್ಲೇ ಎಂಬುದನ್ನೂ ಹೇಳಿಕೊಡಿ. ನಮ್ಮ ಕಡೆ ಧೂಳು ಹೆಚ್ಚು. ಹಳಿಗೆ ಧೂಳು ಕೂತರೆ ರೈಲು ನಿಲ್ಲುತ್ತದೆ. ಕಂಟ್ರೋಲರ್ ಬಂದ್ ಮಾಡಿ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಸ್ಕ್ರೂಡ್ರೈವರ್ ಮಗನಿಗೆ, ಬಣ್ಣದ ಕುಂಚ ಮಗಳಿಗೆ ಎಂದು ಮಾತ್ರ ಹಂಚಬೇಡಿ. ರೈಲು ನಿಂತಾಗ ಯಾವ ವೈರ್ ಬಿಟ್ಟಿದೆ ಎಂದು ಮಗಳೇ ಹುಡುಕಲಿ. ನೀವು ಎದ್ದು ಸರಿಪಡಿಸಲು ಹೋಗಬೇಡಿ. ಒಂದೊಂದೇ ಜೋಡಣೆ ಪರೀಕ್ಷಿಸಿ ತಪ್ಪು ಹಿಡಿಯುವ ಆ ತಾಳ್ಮೆ, ಶಾಲೆಯ ವಿಜ್ಞಾನ ಪುಸ್ತಕದ ಪಾಠವನ್ನು ಅವಳ ಕೈಗೆ ತಂದುಕೊಡುತ್ತದೆ. ‘ಇದು ನನ್ನಿಂದಾಗದು’ ಎಂಬ ಮಾತು ಅಲ್ಲಿಂದಲೇ ದೂರವಾಗುತ್ತದೆ.

ಲಿಂಗಸುಗೂರಿನ ಮೇಲೆ ಹಾದುಹೋಗಬೇಕಾದ ಗದಗ-ವಾಡಿ ಮಾರ್ಗದಲ್ಲಿ ರೈಲು 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಬಂತು. ಮಸ್ಕಿಗೆ ಹಳಿಯೇ ಇಲ್ಲ. ನಿಮ್ಮ ಹಲಗೆಯ ಮೇಲೆ ಇವೆರಡೂ ಊರಿಗೆ ರೈಲು ಬಿಡಲು ಯಾರ ಮಂಜೂರಾತಿಯೂ ಬೇಡ. ಈ ರಜೆಯಲ್ಲೇ ಮಂಚದಡಿಯ ಜಾಗವನ್ನು ಒಮ್ಮೆ ಅಳೆದು ನೋಡಿ.