ಹೊರಗಿನ ಅನುಭವ, ಒಳಗಿನ ಪ್ರತಿಭೆ: ವಿದರ್ಭ ತಂಡದ ವರ್ಗಾವಣೆ ನೀತಿ

ಒಬ್ಬ ಆಟಗಾರ ಒಂದು ತಂಡವನ್ನು ಬಿಟ್ಟು ಇನ್ನೊಂದನ್ನು ಸೇರಿದಾಗ ಅಭಿಮಾನಿಗಳು ಸಾಮಾನ್ಯವಾಗಿ ಅವನಿಗೆ ಸಿಕ್ಕ ಹಣದ ಮೊತ್ತವನ್ನಷ್ಟೇ ಗಮನಿಸುತ್ತಾರಾದರೂ, ಆ ನಿರ್ಧಾರ ಯಾರ ಇಚ್ಛೆಯಿಂದ ಆಯಿತು, ಅದಕ್ಕೆ ಬೇಕಾದ ಹಣ ಯಾವ ಮೂಲದಿಂದ ಬಂತು ಮತ್ತು ಅದರಿಂದ ಕೊನೆಗೆ ಯಾರು ಬೆಳೆದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ವರ್ಗಾವಣೆಯ ನಿಜವಾದ ಮೌಲ್ಯ ತಿಳಿಯುತ್ತದೆ. ಈ ಪ್ರಶ್ನೆಗಳಿಗೆ ಭಾರತದಲ್ಲಿ ಸ್ಪಷ್ಟ ಉತ್ತರ ಕೊಟ್ಟಿರುವ ಊರು ನಾಗಪುರ. ಅಲ್ಲಿ ನೆಲೆಗೊಂಡಿರುವ ವಿದರ್ಭ ಕ್ರಿಕೆಟ್ ತಂಡ 1957-58ರಿಂದ ರಣಜಿ ಟ್ರೋಫಿಯಲ್ಲಿ ಆಡುತ್ತಾ ಬಂದು, ಆರು ದಶಕಗಳ ಕಾಲ ಒಮ್ಮೆಯೂ ಪ್ರಶಸ್ತಿಯ ಹತ್ತಿರ ಸುಳಿಯದೆ, ಆ ಬಳಿಕ ಎಂಟು ಋತುಗಳ ಅವಧಿಯಲ್ಲಿ ಮೂರು ಬಾರಿ ಚಾಂಪಿಯನ್ ಆಯಿತು. ಆ ಸಾಧನೆಯಲ್ಲಿ ಕರ್ನಾಟಕದಿಂದ ಹೋದ ಆಟಗಾರರ ಪಾಲು ಗಣನೀಯವಾಗಿದೆ.

ವೃತ್ತಿಪರ ಕ್ರೀಡೆಯಲ್ಲಿ ವರ್ಗಾವಣೆಯ ಅತ್ಯಂತ ಕಟ್ಟುನಿಟ್ಟಾದ ರೂಪ ಕಾಣಸಿಗುವುದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ. ಅಲ್ಲಿ ಪ್ರತಿ ತಂಡದ ವೇತನ ವೆಚ್ಚಕ್ಕೆ ಸ್ಯಾಲರಿ ಕ್ಯಾಪ್ ಎಂಬ ಮಿತಿಯಿದ್ದು, 2024-25ರಲ್ಲಿ ಅದು ಸುಮಾರು 14 ಕೋಟಿ ಡಾಲರ್ ಆಗಿತ್ತು. ಕೆಲವು ವಿನಾಯಿತಿಗಳಡಿ ಆ ಮಿತಿಯನ್ನು ದಾಟಬಹುದಾದರೂ, ಇನ್ನೂ ಮೇಲಿನ ಮತ್ತೊಂದು ಮಟ್ಟವನ್ನು ಮೀರಿದ ತಂಡ ಲಕ್ಷುರಿ ಟ್ಯಾಕ್ಸ್ ಎಂಬ ದಂಡರೂಪದ ತೆರಿಗೆಯನ್ನು ಲೀಗ್‌ಗೆ ಕಟ್ಟಬೇಕಾಗುತ್ತದೆ. ಒಪ್ಪಂದದಲ್ಲಿ ವಿಶೇಷ ಷರತ್ತು ಇಲ್ಲದಿದ್ದರೆ ಆಟಗಾರನ ಒಪ್ಪಿಗೆಯನ್ನು ಕೇಳದೆಯೇ ಅವನನ್ನು ಬೇರೆ ತಂಡಕ್ಕೆ ಕೊಡಬಹುದು. 2025ರ ಫೆಬ್ರುವರಿಯಲ್ಲಿ ಡಲ್ಲಾಸ್ ತಂಡವು ಇಪ್ಪತ್ತೈದರ ಹರೆಯದ ತನ್ನ ತಾರೆ ಲೂಕಾ ಡಾನ್ಚಿಚ್ ಅವರನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟು ಆಂಥನಿ ಡೇವಿಸ್ ಅವರನ್ನು ಪಡೆದಾಗ, ಜಗತ್ತು ಬೆರಗಾದದ್ದು ಈ ಅಧಿಕಾರದ ವ್ಯಾಪ್ತಿಯನ್ನು ಕಂಡು.

ಇಂಡಿಯನ್ ಪ್ರೀಮಿಯರ್ ಲೀಗ್ ಇದೇ ಪದ್ಧತಿಯನ್ನು ಭಾರತೀಯ ಮಾರ್ಪಾಡುಗಳೊಂದಿಗೆ ಅಳವಡಿಸಿಕೊಂಡಿದೆ. ಇಲ್ಲಿ ಪ್ರತಿ ಫ್ರಾಂಚೈಸಿಗೆ ಪರ್ಸ್ ಎಂದು ಕರೆಯಲಾಗುವ ವೆಚ್ಚದ ಮಿತಿಯಿದ್ದು, 2025ರ ಆವೃತ್ತಿಗೆ ಅದನ್ನು 120 ಕೋಟಿ ರೂಪಾಯಿಗೆ ನಿಗದಿಪಡಿಸಲಾಗಿತ್ತು. ಹರಾಜಿನ ಹೊರಗೆ, ಟ್ರೇಡ್ ವಿಂಡೋ ಎಂಬ ನಿಗದಿತ ಅವಧಿಯಲ್ಲಿ ಎರಡು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು ಅಥವಾ ಹಣ ಕೊಟ್ಟು ಪಡೆಯಬಹುದು. ಆದರೆ ಅದಕ್ಕೆ ಆಟಗಾರನ ಒಪ್ಪಿಗೆ ಕಡ್ಡಾಯ. 2009ರಲ್ಲಿ ಜಹೀರ್ ಖಾನ್ ಬೆಂಗಳೂರಿನಿಂದ ಮುಂಬೈಗೆ ಹೋಗಿ, ಕೊಡಗಿನ ರಾಬಿನ್ ಉತ್ತಪ್ಪ ಮುಂಬೈನಿಂದ ಬೆಂಗಳೂರಿಗೆ ಬಂದದ್ದು ಈ ಪದ್ಧತಿಯ ಆರಂಭಿಕ ಉದಾಹರಣೆಗಳಲ್ಲೊಂದು. 2023ರ ನವೆಂಬರ್‌ನಲ್ಲಿ ಗುಜರಾತ್‌ನಿಂದ ಹಾರ್ದಿಕ್ ಪಾಂಡ್ಯ ಅವರನ್ನು ಕರೆತಂದ ಮುಂಬೈ ಇಂಡಿಯನ್ಸ್, ಅದೇ ಸಮಯದಲ್ಲಿ 17.5 ಕೋಟಿಯ ಕ್ಯಾಮರಾನ್ ಗ್ರೀನ್ ಅವರನ್ನು ಬೆಂಗಳೂರಿಗೆ ಬಿಟ್ಟುಕೊಟ್ಟಿತು. ಪರ್ಸ್‌ಗೆ ಮಿತಿಯಿರುವಾಗ ಒಬ್ಬರಿಗೆ ಜಾಗ ಮಾಡಲು ಇನ್ನೊಬ್ಬರನ್ನು ಕಳಿಸಬೇಕಾಗುತ್ತದೆ ಎಂಬ ತತ್ವ ಇದರಲ್ಲಿ ಎದ್ದು ಕಾಣುತ್ತದೆ.

ರಣಜಿ ಟ್ರೋಫಿಯ ವ್ಯವಸ್ಥೆ ಇವೆರಡಕ್ಕಿಂತ ಭಿನ್ನ. ರಾಜ್ಯ ಕ್ರಿಕೆಟ್ ಸಂಸ್ಥೆಗಳಿಗೆ ಮಾಲೀಕರಿಲ್ಲ, ಲಾಭ ಹಂಚಿಕೊಳ್ಳುವ ಷೇರುದಾರರೂ ಇಲ್ಲ; ಪ್ರಸಾರದ ಹಕ್ಕು ಮೊದಲಾದವುಗಳಿಂದ ಬಿಸಿಸಿಐ ಗಳಿಸಿ ಹಂಚುವ ಪಾಲೇ ಅವುಗಳ ಮುಖ್ಯ ಆದಾಯ. ಇಲ್ಲಿ ಆಟಗಾರನನ್ನು ಮಾರುವ ಅಥವಾ ಬದಲಾಯಿಸಿಕೊಳ್ಳುವ ಅವಕಾಶವಿಲ್ಲ. ರಾಜ್ಯ ಬದಲಿಸಲು ಬಯಸುವ ಆಟಗಾರ ತಾನಾಗಿಯೇ ತವರು ಸಂಸ್ಥೆಯಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಪಡೆದು ಹೋಗಬೇಕು. ಹೀಗೆ ಬಂದವರನ್ನು ವೃತ್ತಿಪರ ಅಥವಾ ಅತಿಥಿ ಆಟಗಾರರೆಂದು ಕರೆಯುವ ವಾಡಿಕೆಯಿದ್ದು, ಸ್ಥಳೀಯರ ಅವಕಾಶ ಕುಗ್ಗಬಾರದೆಂಬ ಉದ್ದೇಶದಿಂದ ಒಂದು ತಂಡಕ್ಕೆ ಮೂವರೆಂಬ ಮಿತಿ ಹಾಕಲಾಗಿದೆ.

ವಿದರ್ಭ ಈ ಅವಕಾಶವನ್ನು ವಿವೇಚನೆಯಿಂದ ಬಳಸಿಕೊಂಡಿತು. 2014-15ರಲ್ಲಿ ತಮಿಳುನಾಡಿನ ಎಸ್. ಬದರೀನಾಥ್ ಮತ್ತು ದಾವಣಗೆರೆಯಲ್ಲಿ ಹುಟ್ಟಿ ಕರ್ನಾಟಕದ ಪರ ಆಡಿದ್ದ ಗಣೇಶ್ ಸತೀಶ್, ಮರುವರ್ಷ ಮುಂಬೈಯ ವಾಸಿಂ ಜಾಫರ್ ನಾಗಪುರಕ್ಕೆ ಬಂದರು. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ರಣಜಿ ಸೆಮಿಫೈನಲ್‌ನಲ್ಲಿ ವಿದರ್ಭಕ್ಕೆ ಎದುರಾದದ್ದು ಕರ್ನಾಟಕವೇ. ಮೊದಲ ಇನ್ನಿಂಗ್ಸ್‌ನಲ್ಲಿ ಕರುಣ್ ನಾಯರ್ ಅವರ 153 ರನ್‌ಗಳ ನೆರವಿನಿಂದ ಮುನ್ನಡೆ ಪಡೆದ ಕರ್ನಾಟಕ, ಗಣೇಶ್ ಸತೀಶ್ ಅವರ 81 ರನ್‌ಗಳಿಂದ ಚೇತರಿಸಿಕೊಂಡ ವಿದರ್ಭ ಒಡ್ಡಿದ 198 ರನ್‌ಗಳ ಗುರಿಯನ್ನು ಬೆನ್ನಟ್ಟಿ ಕೇವಲ ಐದು ರನ್‌ಗಳಿಂದ ಸೋತಿತು. ಆ ಇನ್ನಿಂಗ್ಸ್‌ನಲ್ಲಿ ಏಳು ವಿಕೆಟ್ ಕಿತ್ತವರು ಹೊರಗಿನಿಂದ ಬಂದ ಅನುಭವಿಯಲ್ಲ. ವಿದರ್ಭದ ಯುವ ವೇಗಿ ರಜನೀಶ್ ಗುರ್ಬಾನಿ. ಅವರು ಇಂದೋರ್‌ನ ಫೈನಲ್‌ನಲ್ಲಿ ದೆಹಲಿಯ ವಿರುದ್ಧ ಹ್ಯಾಟ್ರಿಕ್ ಪಡೆದರು, ವಿದರ್ಭ ಮೊದಲ ಬಾರಿಗೆ ಕಪ್ ಎತ್ತಿತು. ಮರುವರ್ಷ ಸೌರಾಷ್ಟ್ರವನ್ನು 78 ರನ್‌ಗಳಿಂದ ಸೋಲಿಸಿ ಪ್ರಶಸ್ತಿಯನ್ನು ಉಳಿಸಿಕೊಂಡ ಫೈನಲ್‌ನಲ್ಲಿ ಹನ್ನೊಂದು ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ಆದಿತ್ಯ ಸರವಟೆ ಕೂಡ ಆ ನೆಲದವರೇ. ಬ್ಯಾಟಿಂಗ್‌ನ ಬೆನ್ನೆಲುಬಿಗೆ ಹೊರಗಿನ ಹಿರಿಯರು, ಗೆಲುವು ತಂದುಕೊಡುವ ಸ್ಥಾನದಲ್ಲಿ ಒಳಗಿನ ಕಿರಿಯರು ಎಂಬ ಜೋಡಣೆ ಆಗಲೇ ರೂಪುಗೊಂಡಿತ್ತು.

ಈ ನೀತಿಯ ಅತ್ಯಂತ ಫಲಪ್ರದ ಅಧ್ಯಾಯ ಕರುಣ್ ನಾಯರ್ ಅವರದು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿ, ವೀರೇಂದ್ರ ಸೆಹ್ವಾಗ್ ನಂತರ ಟೆಸ್ಟ್ ತ್ರಿಶತಕ ಬಾರಿಸಿದ ಎರಡನೆಯ ಭಾರತೀಯರೆನಿಸಿದ್ದ ಅವರು, 2022ರ ಹೊತ್ತಿಗೆ ಕರ್ನಾಟಕ ತಂಡದಲ್ಲೂ ಸ್ಥಾನ ಕಳೆದುಕೊಂಡಿದ್ದರು. 2023ರಲ್ಲಿ ನಾಗಪುರಕ್ಕೆ ತೆರಳಿದ ಅವರು 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಂದಿಗೆ 779 ರನ್, ಅದೇ ಋತುವಿನ ರಣಜಿಯಲ್ಲಿ 863 ರನ್ ಗಳಿಸಿ, 2025ರ ಜೂನ್‌ನಲ್ಲಿ ಎಂಟು ವರ್ಷಗಳ ಬಳಿಕ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಮುಚ್ಚಿಹೋಗುತ್ತಿದ್ದ ಒಂದು ವೃತ್ತಿಜೀವನ ಆಟಗಾರನ ಸ್ವಂತ ಇಚ್ಛೆಯ ವರ್ಗಾವಣೆಯಿಂದ ಮತ್ತೆ ತೆರೆದುಕೊಂಡಿತು.

ಆ ಋತುವಿನ ರಣಜಿ ಫೈನಲ್ 2025ರ ಫೆಬ್ರುವರಿ 26ರಂದು ನಾಗಪುರದ ಹೊರವಲಯದ ಜಾಮಠಾ ಕ್ರೀಡಾಂಗಣದಲ್ಲಿ ಆರಂಭವಾಯಿತು. ಮೊದಲ ಬಾರಿಗೆ ಫೈನಲ್ ತಲುಪಿದ್ದ ಕೇರಳದ ವಿರುದ್ಧ ವಿದರ್ಭ 24 ರನ್‌ಗಳಿಗೆ ಮೂರು ವಿಕೆಟ್ ಕಳೆದುಕೊಂಡಿದ್ದಾಗ, ಮೊದಲ ರಣಜಿ ಋತುವನ್ನು ಆಡುತ್ತಿದ್ದ ನಾಗಪುರದ ಇಪ್ಪತ್ತೊಂದರ ದಾನಿಶ್ ಮಾಲೇವಾರ್ ಅವರಿಗೆ ಜೊತೆಯಾದವರು ಕರುಣ್ ನಾಯರ್. ಇಬ್ಬರೂ ನಾಲ್ಕನೆಯ ವಿಕೆಟ್‌ಗೆ 215 ರನ್ ಸೇರಿಸಿದರು. ಕರುಣ್ 86ಕ್ಕೆ ರನೌಟ್ ಆದರೂ ಮಾಲೇವಾರ್ 153ರವರೆಗೆ ಮುಂದುವರಿದರು. ವಿದರ್ಭದ 379ಕ್ಕೆ ಉತ್ತರವಾಗಿ ಕೇರಳ 342 ಗಳಿಸಿತು. ಅದರಲ್ಲಿ 79 ರನ್ ಆದಿತ್ಯ ಸರವಟೆ ಅವರದು. ವಿದರ್ಭಕ್ಕೆ ಎರಡನೆಯ ಕಪ್ ಗೆದ್ದುಕೊಟ್ಟ ಅದೇ ಸರವಟೆ, ಆ ವರ್ಷ ಅತಿಥಿ ಆಟಗಾರರಾಗಿ ಕೇರಳವನ್ನು ಸೇರಿ, ತಾವು ಬೆಳೆದ ಊರಿನಲ್ಲೇ ಎದುರಾಳಿಯಾಗಿ ನಿಂತಿದ್ದರು. ಎರಡನೆಯ ಇನ್ನಿಂಗ್ಸ್‌ನಲ್ಲಿ ಕರುಣ್ 135 ಬಾರಿಸಿದರು, ಪಂದ್ಯ ಡ್ರಾ ಆಯಿತು, 37 ರನ್‌ಗಳ ಮೊದಲ ಇನ್ನಿಂಗ್ಸ್ ಮುನ್ನಡೆಯ ಬಲದಿಂದ ವಿದರ್ಭ ಮೂರನೆಯ ಬಾರಿ ಚಾಂಪಿಯನ್ ಆಯಿತು.

ಸರವಟೆ ಅವರ ನಿರ್ಗಮನದಿಂದ ತಂಡಕ್ಕೆ ನಷ್ಟವಾದೀತೆಂದು ಯಾರಾದರೂ ಅಂದಾಜಿಸಿದ್ದರೆ, ಅದನ್ನು ಹುಸಿಗೊಳಿಸಿದವರು ಇಪ್ಪತ್ತೆರಡರ ಹರ್ಷ್ ದುಬೆ. ಅವರೂ ಎಡಗೈ ಸ್ಪಿನ್ನರ್. ಆ ಋತುವಿನ ಹತ್ತು ಪಂದ್ಯಗಳಲ್ಲಿ 69 ವಿಕೆಟ್ ಪಡೆದು, 2018-19ರಲ್ಲಿ ಬಿಹಾರದ ಆಶುತೋಷ್ ಅಮನ್ ಸ್ಥಾಪಿಸಿದ್ದ 68 ವಿಕೆಟ್‌ಗಳ ದಾಖಲೆಯನ್ನು ಅವರು ಮುರಿದರು. ಕೆಳ ಕ್ರಮಾಂಕದಲ್ಲಿ 476 ರನ್‌ಗಳನ್ನೂ ಗಳಿಸಿ ಸರಣಿಶ್ರೇಷ್ಠರೆನಿಸಿದರು. ಹಿರಿಯನೊಬ್ಬ ಹೊರಟುಹೋದಾಗ ತೆರವಾದ ಜಾಗಕ್ಕೆ ಮತ್ತೊಬ್ಬ ಹೊರಗಿನವರನ್ನು ತರದೆ, ಮನೆಯ ಹುಡುಗನಿಗೆ ಪೂರ್ಣ ಋತುವಿನ ವಿಶ್ವಾಸ ಕೊಟ್ಟದ್ದರ ಫಲವಿದು.

ಇಂಥ ಪ್ರತಿಭೆಗೆ ಸಿಗುವ ಪ್ರತಿಫಲವನ್ನೂ ಲೆಕ್ಕ ಹಾಕಿ ನೋಡಬೇಕು. ಬಿಸಿಸಿಐ 2021ರಲ್ಲಿ ಪರಿಷ್ಕರಿಸಿದ ದರದಂತೆ, ಇಪ್ಪತ್ತರವರೆಗಿನ ಪಂದ್ಯಗಳ ಅನುಭವವಿರುವ ದೇಶೀಯ ಆಟಗಾರನಿಗೆ ದಿನಕ್ಕೆ 40,000, ನಲವತ್ತು ದಾಟಿದವರಿಗೆ 60,000 ರೂಪಾಯಿ ಪಂದ್ಯ ಸಂಭಾವನೆ ಇದೆ. ನಾಲ್ಕು ದಿನಗಳ ಏಳು ಲೀಗ್ ಪಂದ್ಯ, ಐದು ದಿನಗಳ ಮೂರು ನಾಕೌಟ್ ಪಂದ್ಯ ಎಂದರೆ 43 ದಿನ. ಪ್ರಶಸ್ತಿ ಗೆಲ್ಲುವವರೆಗೆ ಎಲ್ಲ ಪಂದ್ಯಗಳನ್ನೂ ಆಡಿದ ಹೊಸಬನಿಗೆ ಈ ದರದಲ್ಲಿ ಸುಮಾರು 17 ಲಕ್ಷ ರೂಪಾಯಿ ಬರುತ್ತದೆ. ಐಪಿಎಲ್‌ನಲ್ಲಾದರೋ 2025ರಿಂದ ಗುತ್ತಿಗೆಯ ಹಣದ ಜೊತೆಗೆ ಪ್ರತಿ ಪಂದ್ಯಕ್ಕೂ 7.5 ಲಕ್ಷ ಸಂಭಾವನೆಯಿದ್ದು, ಮೂರು ಪಂದ್ಯಗಳಲ್ಲೇ ಅದು ರಣಜಿ ಋತುವಿನ ಗಳಿಕೆಯನ್ನು ಮೀರುತ್ತದೆ. ದುಬೆ ಐಪಿಎಲ್ ಪ್ರವೇಶಿಸಿದ್ದು 2025ರ ಮೇ ತಿಂಗಳಲ್ಲಿ, ಗಾಯಗೊಂಡ ಕರ್ನಾಟಕದ ಆರ್. ಸ್ಮರಣ್ ಅವರ ಬದಲಿಗೆ ಸನ್‌ರೈಸರ್ಸ್ ಹೈದರಾಬಾದ್ ತಂಡಕ್ಕೆ, 30 ಲಕ್ಷ ರೂಪಾಯಿಗೆ. ದಾಖಲೆಯ ಋತುವಿನ ನಂತರವೂ ಮಾರುಕಟ್ಟೆ ಕೊಟ್ಟದ್ದು ಕನಿಷ್ಠ ಬೆಲೆಯೆಂಬುದು, ಐದು ದಿನಗಳ ಆಟದ ಕೌಶಲಕ್ಕೂ ಹರಾಜಿನ ಬೆಲೆಗೂ ಇರುವ ಅಂತರವನ್ನು ತೋರಿಸುತ್ತದೆ. ಆ ಅಂತರವನ್ನು ತುಂಬಬೇಕಾದ ಹೊಣೆ ಬಿಸಿಸಿಐ ಮತ್ತು ರಾಜ್ಯ ಸಂಸ್ಥೆಗಳದು.

ವಿದರ್ಭ ಸಂಸ್ಥೆ ತನ್ನ ಪಾಲಿನ ಹಣವನ್ನು ಅತಿಥಿಗಳ ಗುತ್ತಿಗೆಗಷ್ಟೇ ಮೀಸಲಿಡಲಿಲ್ಲ. 2008ರಲ್ಲಿ ಬಳಕೆಗೆ ಬಂದ ಜಾಮಠಾ ಕ್ರೀಡಾಂಗಣ, ಸಿವಿಲ್ ಲೈನ್ಸ್‌ನ ಹಳೆಯ ಮೈದಾನ, ಕಿರಿಯರಿಗಾಗಿ ವಸತಿ ಅಕಾಡೆಮಿ ಇವೆಲ್ಲ ಸೇರಿ ಅಲ್ಲಿ ಒಂದು ತರಬೇತಿ ಪರಂಪರೆ ಬೆಳೆದಿದೆ. 2024-25ರ ರಣಜಿಯಲ್ಲಿ ಅತಿ ಹೆಚ್ಚು, ಅಂದರೆ 960 ರನ್ ಗಳಿಸಿದ ಯಶ್ ರಾಠೋಡ್ ಆ ಪರಂಪರೆಯವರೇ. 2025ರಲ್ಲಿ ಬೆಂಗಳೂರಿನಲ್ಲಿ ನಡೆದ ದುಲೀಪ್ ಟ್ರೋಫಿಯಲ್ಲಿ ಕೇಂದ್ರ ವಲಯದ ಪರ ಮಾಲೇವಾರ್ ದ್ವಿಶತಕ ಬಾರಿಸಿದರು, ಫೈನಲ್‌ನಲ್ಲಿ ರಾಠೋಡ್ 194 ಗಳಿಸಿದರು. ಅಮರಾವತಿಯ ಜಿತೇಶ್ ಶರ್ಮಾ ಅವರನ್ನು 11 ಕೋಟಿಗೆ ಪಡೆದ ಬೆಂಗಳೂರು ತಂಡ 2025ರಲ್ಲಿ ಚೊಚ್ಚಲ ಐಪಿಎಲ್ ಕಪ್ ಗೆದ್ದಾಗ, ಕನ್ನಡಿಗರೂ ವಿದರ್ಭದ ಈ ಬೆಳೆಯ ಫಲವನ್ನು ಉಂಡಂತಾಯಿತು.

2024-25ರ ಋತು ಮುಗಿದ ಬಳಿಕ ಕರುಣ್ ನಾಯರ್ ಕರ್ನಾಟಕಕ್ಕೆ ಮರಳಿದರು, ಜಿತೇಶ್ ಬರೋಡಾಕ್ಕೆ ಹೋದರು. ಬಂದವರು ಒಂದು ದಿನ ಹೋಗುತ್ತಾರೆಂಬ ಅರಿವಿನ ಮೇಲೆಯೇ ವಿದರ್ಭದ ನೀತಿ ನಿಂತಿರುವುದರಿಂದ, ಅದು ಇತರ ರಾಜ್ಯಗಳಿಗೂ ಮಾದರಿಯಾಗಬಲ್ಲದು. ಅತಿಥಿಯೊಬ್ಬನನ್ನು ಕರೆಸುವಾಗ ಅವನು ಎಷ್ಟು ರನ್ ಗಳಿಸಬಲ್ಲ ಎಂಬುದರ ಜೊತೆಗೆ, ಅವನ ಜೊತೆಯಾಟದಲ್ಲಿ ಯಾವ ಸ್ಥಳೀಯ ಯುವಕ ಬಲಿಯುತ್ತಾನೆ ಎಂಬುದನ್ನೂ ಆಯ್ಕೆ ಸಮಿತಿಗಳು ಕೇಳಬೇಕು. ತನ್ನವನೊಬ್ಬ ಎನ್‌ಒಸಿ ಕೇಳಿ ಬಂದಾಗ, ಬೇರೆ ನೆಲದಲ್ಲಿ ಅವನು ಮತ್ತೆ ಚಿಗುರಬಹುದೆಂಬ ಔದಾರ್ಯದಿಂದ ಅದನ್ನು ಕೊಡಬೇಕು. ಹಣವನ್ನು ಹೀಗೆ ಆಟಗಾರನ ಇಚ್ಛೆಗೂ ಕಿರಿಯರ ಬೆಳವಣಿಗೆಗೂ ಜೋಡಿಸಿದ ಕಾರಣಕ್ಕೇ ಆರು ದಶಕಗಳ ಹಿನ್ನಡೆಯನ್ನು ವಿದರ್ಭ ಒಂದೇ ತಲೆಮಾರಿನಲ್ಲಿ ದಾಟಿತು.