ಮನೆಗೆ ಬೆಲೆ ಕಟ್ಟಲು ಬಂದವರು ಯಾರು?

ಅಕ್ಕಾ, ಕೊಟ್ಟಿಗೆ ಕಟ್ಟಲು ಮನೆ ಅಡವಿಟ್ಟು ಸಾಲ ಕೇಳಿದ್ದೀರಿ. ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಟೇಪು ಹಿಡಿದವರೊಬ್ಬರು ನಿಮ್ಮ ಅಂಗಳ ಅಳೆಯುತ್ತಿರುತ್ತಾರೆ. ಬ್ಯಾಂಕು ಕಳಿಸಿದ ಮೌಲ್ಯಮಾಪಕರು. ಅವರು ಬೆಲೆ ಕಡಿಮೆ ಬರೆದರೆ ಸಾಲವೂ ಕಡಿಮೆಯಾದೀತು. ಫ್ಯಾಟ್ ಎಷ್ಟು ಬಂತೆಂದು ನೋಡದೆ ಡೇರಿಯಿಂದ ಹೊರಡದ ನಾವು, ಇವರು ಯಾರೆಂದು ಕೇಳಲು ಏಕೆ ಹಿಂಜರಿಯುತ್ತೇವೋ!

ಕಂಪನಿ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳಂತೆ ‘ನೋಂದಾಯಿತ ಮೌಲ್ಯಮಾಪಕ’ ಎನಿಸಿಕೊಳ್ಳುವುದು ಸುಲಭವಲ್ಲ. ಜಮೀನು, ಕಟ್ಟಡಗಳ ವಿಭಾಗಕ್ಕೆ ಸಿವಿಲ್ ಎಂಜಿನಿಯರಿಂಗ್‌ನಂಥ ಪದವಿಯ ಮೇಲೆ 5 ವರ್ಷ ಅನುಭವ ಬೇಕು. 50 ಗಂಟೆಗಳ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಆಮೇಲೆ ಐಬಿಬಿಐ ಎಂಬ ಕೇಂದ್ರದ ಮಂಡಳಿ ನೋಂದಣಿ ಕೊಡುತ್ತದೆ. ಅಲ್ಲಿಗೂ ಓದು ಮುಗಿಯದು. ನೋಂದಣಿಯಾದ ಮೇಲೂ ಆಗಾಗ ತರಬೇತಿಗೆ ಕೂರಬೇಕು.

ಬ್ಯಾಂಕುಗಳು ತಮ್ಮದೇ ಪಟ್ಟಿ ಇಟ್ಟುಕೊಂಡಿರುತ್ತವೆ. ಆದ್ದರಿಂದ ಬಂದವರ ಗುರುತಿನ ಚೀಟಿ, ನೋಂದಣಿ ಸಂಖ್ಯೆ ಕೇಳಿ. ಐಬಿಬಿಐ ಜಾಲತಾಣದಲ್ಲಿ ಹೆಸರಿದೆಯೇ ಎಂದು ಮಗಳಿಂದ ನೋಡಿಸಿ. ಶುಲ್ಕ ಎಷ್ಟೆಂದು ಬ್ಯಾಂಕಿನಲ್ಲೇ ವಿಚಾರಿಸಿ, ರಸೀದಿ ಪಡೆಯಿರಿ. ‘ಜಾಸ್ತಿ ಬರೆಯುತ್ತೇನೆ’ ಎಂದು ಕೈಯೊಡ್ಡಿದರೆ ಮ್ಯಾನೇಜರಿಗೆ ತಿಳಿಸಿ. ಇ-ಸ್ವತ್ತು ಪತ್ರ, ಕಂದಾಯದ ರಸೀದಿ ಕೈಯಲ್ಲಿರಲಿ. ಅಳೆಯುವಾಗ ಜೊತೆಗೇ ನಡೆಯಿರಿ. ಹೋದ ವರ್ಷ ಹಿತ್ತಲಲ್ಲಿ ಕಟ್ಟಿಸಿದ ಕೋಣೆಯನ್ನೂ ತೋರಿಸಿ.