ಆರು ರನ್ನಿನ ಆಟಗಾರ ದುರ್ಗಕ್ಕೆ ಬಂದಾಗ

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯವರಿಗೆ ಚನ್ನಗಿರಿ ದೂರದ ಸೀಮೆಯೇನಲ್ಲ. ಆ ಚನ್ನಗಿರಿಯ ಧೋಂಡಿಯಾ ವಾಘ್‌ನನ್ನು ಅಟ್ಟಿಕೊಂಡು 1800ರಲ್ಲಿ ಚಿತ್ರದುರ್ಗದ ಮಾರ್ಗವಾಗಿ ಹರಿಹರಕ್ಕೆ ದಂಡು ನಡೆಸಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂ ಕದನದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ಈತ ಕ್ರಿಕೆಟ್ ಆಡಿದ್ದನೆಂಬುದು ಮಾತ್ರ ಹೆಚ್ಚು ಜನಕ್ಕೆ ತಿಳಿದಿಲ್ಲ.

1792ರ ಆಗಸ್ಟ್‌ನಲ್ಲಿ ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿ ಅಖಿಲ ಐರ್ಲೆಂಡ್ ತಂಡಕ್ಕೂ ಅಲ್ಲಿನ ಸೇನಾ ತಂಡಕ್ಕೂ ಪಂದ್ಯ ನಡೆಯಿತು. ಐರ್ಲೆಂಡಿನಲ್ಲಿ ದಾಖಲೆಯಿರುವ ಮೊದಲ ಕ್ರಿಕೆಟ್ ಪಂದ್ಯ ಅದು. ಆಗಿನ್ನೂ ಇಪ್ಪತ್ತಮೂರರ ವೆಲ್ಲೆಸ್ಲಿ, ತಾನು ಸೈನಿಕನಾಗಿದ್ದರೂ, ಐರ್ಲೆಂಡ್ ಪರವಾಗಿ ಆಡಿ ಮೊದಲ ಸರದಿಯಲ್ಲಿ 5, ಎರಡನೆಯದರಲ್ಲಿ 1 ರನ್ ಗಳಿಸಿದ. ತಂಡ ಇನ್ನಿಂಗ್ಸ್ ಸೋಲನ್ನುಂಡಿತು. ಗೆದ್ದ ತಂಡದ ನಾಯಕ ಕರ್ನಲ್ ಲೆನಾಕ್ಸ್. ವಾಟರ್‌ಲೂ ಕದನಕ್ಕೆ ಮೂರು ದಿನ ಮೊದಲು ಬ್ರಸೆಲ್ಸ್‌ನಲ್ಲಿ ವೆಲ್ಲಿಂಗ್ಟನ್‌ಗೆ ನೃತ್ಯಕೂಟದ ಆತಿಥ್ಯ ನೀಡಿದ್ದು ಇದೇ ಲೆನಾಕ್ಸ್‌ನ ಪತ್ನಿ!  

ಕನ್ನಡ ನಾಡಿನಲ್ಲಿ ಆತ ಆಡಿದ ಆಟ ಬೇರೆಯದು. ಧೋಂಡಿಯಾ ಹೈದರಾಲಿಯ ಕುದುರೆ ಸವಾರನಾಗಿದ್ದವನು. ಟಿಪ್ಪುವಿನ ಸೆರೆಯಲ್ಲಿದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಕೆಲಸವಿಲ್ಲದೆ ಉಳಿದಿದ್ದ ಟಿಪ್ಪುವಿನ ಸೈನಿಕರು ಆತನ ಸುತ್ತ ಕೂಡಿದರು. ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡ. ಕಂಪೆನಿಯ ಕಡತಗಳಿಗೆ ಆತ ದರೋಡೆಕೋರ. ಆದರೆ ಬರಿಯ ದರೋಡೆಕೋರನಿಗಾಗಿ ಶ್ರೀರಂಗಪಟ್ಟಣದ ಮುಖ್ಯಾಧಿಕಾರಿಯೇ ತಿಂಗಳುಗಟ್ಟಲೆ ಬೆನ್ನಟ್ಟುವುದುಂಟೆ? ಆ ಕಡತಗಳನ್ನು ಹಾಗೆಯೇ ನಂಬುವಂತಿಲ್ಲ.

ತುಂಗಭದ್ರೆ ದಾಟಿದ ವೆಲ್ಲೆಸ್ಲಿ ಕೊನೆಗೆ 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯಾನನ್ನು ಎದುರುಗೊಂಡ. ಕಾಲಾಳು ಪಡೆ ಬರುವುದನ್ನು ಕಾಯದೆ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಅಲ್ಲಿಯೇ ಮಡಿದ.

ಸೋತವರ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಮಗುವೊಂದು ಸಿಕ್ಕಿತು. ಅದು ಧೋಂಡಿಯಾನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ. 1805ರಲ್ಲಿ ಭಾರತ ಬಿಡುವಾಗ ಅವನ ಪಾಲನೆಗೆಂದು ಹಣ ಇರಿಸಿಹೋದ. ತಂದೆಯನ್ನು ಕೊಂದವನ ಆಶ್ರಯದಲ್ಲಿ ಬೆಳೆದ ಆ ಹುಡುಗ ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.